ಮಧ್ಯಂತರ ಜೀವನಾಂಶ ಮತ್ತು ವ್ಯಾಜ್ಯ ವೆಚ್ಚ

ಗಂಡ ಹೆಂಡಿರ ನಡುವಿನ ವ್ಯಾಜ್ಯ ಮುಗಿಯುವವರೆಗೆ, ಸ್ವಂತ ಆದಾಯ ಸಾಲದವರ ಹೊಟ್ಟೆಬಟ್ಟೆಗೂ ವಕೀಲರ ಶುಲ್ಕಕ್ಕೂ ಎದುರು ಪಕ್ಷದಿಂದ ನ್ಯಾಯಾಲಯ ಕೊಡಿಸುವ ಹಣ. ಭಾರತದಲ್ಲಿ ಇದಕ್ಕೆ ಮುಖ್ಯ ಆಧಾರ 1955ರ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ. ಆ ಕಾಯ್ದೆಯಡಿ ವಿಚ್ಛೇದನವಿರಲಿ, ನ್ಯಾಯಿಕ ಪ್ರತ್ಯೇಕವಾಸವಿರಲಿ, ಯಾವ ಅರ್ಜಿ ವಿಚಾರಣೆಯಲ್ಲಿದ್ದರೂ ಇದನ್ನು ಕೇಳಬಹುದು. ಮೊದಲು ಕೋರ್ಟಿಗೆ ಹೋದವರು ಯಾರೆಂಬುದು ಮುಖ್ಯವಲ್ಲ.

ಈ ಪದ್ಧತಿಯ ಬೇರು ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಲ್ಲಿದೆ. ಅಲ್ಲಿ ಮದುವೆಯಾದೊಡನೆ ಹೆಣ್ಣಿನ ಚರಾಸ್ತಿ ಗಂಡನ ಪಾಲಾಗುತ್ತಿತ್ತು. ಅವನ ಮೇಲೆ ದೂರು ಕೊಡಲು ಬೇಕಾದ ದುಡ್ಡೂ ಅವನ ಕೈಯಲ್ಲೇ ಇದ್ದುದರಿಂದ ಖರ್ಚನ್ನು ಅವನೇ ಹೊರಬೇಕಾಗುತ್ತಿತ್ತು. ಭಾರತದ ಕ್ರೈಸ್ತರಿಗಾಗಿ ಬಂದ 1869ರ ವಿಚ್ಛೇದನ ಕಾಯ್ದೆ ಇದೇ ಜಾಡು ಹಿಡಿದು, ಜೀವನಾಂಶವು ಗಂಡನ ಸರಾಸರಿ ನಿವ್ವಳ ವರಮಾನದ ಐದನೇ ಒಂದು ಭಾಗವನ್ನು ಮೀರದಂತೆ ಮಿತಿ ಹಾಕಿತ್ತು. 2001ರಲ್ಲಿ ಆ ಮಿತಿ ಹೋಯಿತು. ಆ ಕಾಯ್ದೆಯಲ್ಲೂ 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ಕೇಳುವ ಹಕ್ಕು ಹೆಂಡತಿಗೆ ಮಾತ್ರ. ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡನಿಗೂ ಉಂಟು.

ಮೊತ್ತಕ್ಕೆ ಸಿದ್ಧ ಲೆಕ್ಕವಿಲ್ಲ. ಇಬ್ಬರ ವರಮಾನವನ್ನೂ ನೋಡಿ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ತೊಡಕು ಶುರುವಾಗುವುದೇ ಇಲ್ಲಿ: ಒಬ್ಬರು ಸಂಬಳ ಮುಚ್ಚಿಡುತ್ತಾರೆ, ಇನ್ನೊಬ್ಬರು ಬೇಡಿಕೆ ಹಿಗ್ಗಿಸುತ್ತಾರೆ. ಇದನ್ನು ತಡೆಯಲು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು, ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದ ತೀರ್ಪಿನಲ್ಲಿ, ಇಬ್ಬರೂ ಆಸ್ತಿ ಮತ್ತು ಸಾಲದ ವಿವರವನ್ನು ಅಫಿಡವಿಟ್ ಮೂಲಕ ಸಲ್ಲಿಸಬೇಕೆಂದಿತು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕಕ್ಕೆ ಬರಬೇಕೆಂದೂ, ಬೇರೆ ಕಾಯ್ದೆಯಡಿ ಈಗಾಗಲೇ ಸಿಗುತ್ತಿರುವ ಮೊತ್ತವನ್ನು ಹೊಂದಿಸಿಕೊಳ್ಳಬೇಕೆಂದೂ ಹೇಳಿತು. ಅರ್ಜಿಯ ದಿನದಿಂದ ಎಂಬ ಮಾತು ಬಹು ಮುಖ್ಯವಾದುದು. ವಿಚಾರಣೆ ಎಳೆದಷ್ಟೂ ಎಳೆದವರಿಗೇ ಲಾಭವಾಗುತ್ತಿದ್ದುದಕ್ಕೆ ಇದು ತಡೆಯೊಡ್ಡಿತು.

24ನೇ ಕಲಮಿಗೆ 2001ರಲ್ಲಿ ಆದ ತಿದ್ದುಪಡಿಯ ಪ್ರಕಾರ, ನೋಟಿಸ್ ತಲುಪಿದ 60 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು, ಆದರೆ ‘ಸಾಧ್ಯವಾದ ಮಟ್ಟಿಗೆ’. ಗಡುವು ಸಡಿಲವಾಗಲು ಆ ಮಾತೇ ಎಡೆಮಾಡಿದೆ. ವ್ಯಾಜ್ಯ ವೆಚ್ಚವೆಂದರೆ ವಕೀಲರ ಶುಲ್ಕವಷ್ಟೇ ಅಲ್ಲ. ತವರೂರಿನಿಂದ ಕೋರ್ಟಿರುವ ಊರಿಗೆ ತಿಂಗಳು ತಿಂಗಳೂ ಓಡಾಡುವವಳಿಗೆ ಬಸ್ ಚಾರ್ಜೂ ವ್ಯಾಜ್ಯದ ಖರ್ಚೇ. ಅದು ಕೈಗೆ ಬರುವುದು ತಡವಾದರೆ ವಾದ ಮಂಡಿಸುವ ಮೊದಲೇ ಆಕೆ ಸೋತಂತೆ.

ಹಣ ಕಟ್ಟದವರ ಆಸ್ತಿಯನ್ನು ಜಪ್ತಿ ಮಾಡಿಸಬಹುದು. ಬೇಕೆಂದೇ ಬಾಕಿ ಉಳಿಸಿಕೊಂಡವರ ಪ್ರತಿವಾದವನ್ನು ತೆಗೆದುಹಾಕುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಆದರೆ ಅದು ಕೊನೆಯ ಅಸ್ತ್ರ. 24ನೇ ಕಲಮಿನ ಆದೇಶ ಮಧ್ಯಂತರ ಸ್ವರೂಪದ್ದಾದ್ದರಿಂದ ಅದರ ಮೇಲೆ ಸಾಮಾನ್ಯವಾಗಿ ನೇರ ಮೇಲ್ಮನವಿಯಿಲ್ಲ. ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಹೋಗಬೇಕು. ಕರ್ನಾಟಕದಲ್ಲಾದರೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ.