ಕೈಚೀಲದಿಂದ ಕಂಪ್ಯೂಟರಿಗೆ: ರೋಗಿಯ ಕಾಗದಗಳ ಕಥೆ

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬೆಳಗಿನ ಹೊತ್ತು ಹೋದವರಿಗೆ ಆ ದೃಶ್ಯ ಹೊಸದಲ್ಲ. ಹೊರರೋಗಿಗಳ ಸಾಲಿನಲ್ಲಿ ನಿಂತ ಬಹುತೇಕರ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಚೀಲ. ಒಳಗೆ ಮಡಿಚಿ ಮಡಿಚಿ ಸವೆದ ಓಪಿ ಚೀಟಿ, ರಕ್ತಪರೀಕ್ಷೆಯ ವರದಿ, ಇಸಿಜಿ ಕಾಗದ, ಸುರುಳಿ ಸುತ್ತಿದ ಎಕ್ಸ್‌ರೇ, ಮತ್ತೊಂದು ಆಸ್ಪತ್ರೆಯ ಡಿಸ್‌ಚಾರ್ಜ್ ಸಮ್ಮರಿ. ಕೆಂಗೇರಿಯಿಂದ ಬಂದ ಗಾರ್ಮೆಂಟ್ಸ್ ಕೆಲಸಗಾರ್ತಿಯಾಗಲಿ, ವಿಜಯನಗರದ ನಿವೃತ್ತ ಮೆಕ್ಯಾನಿಕ್ ಆಗಲಿ, ಅವರ ದೇಹದ ಹತ್ತು ವರ್ಷಗಳ ಚರಿತ್ರೆ ಆ ಚೀಲದಲ್ಲಿರುತ್ತದೆ. ಚೀಲ ಬಸ್ಸಿನಲ್ಲಿ ಮರೆತುಹೋದರೆ ಚರಿತ್ರೆಯೂ ಹೋದಂತೆಯೇ.

ಈ ಚೀಲದ ಕೆಲಸವನ್ನು ಈಗ ಕಂಪ್ಯೂಟರ್ ಜಾಲಕ್ಕೆ ವಹಿಸುವ ಪ್ರಯತ್ನ ದೇಶದಾದ್ಯಂತ ನಡೆದಿದೆ. ಒಂದು ಆಸ್ಪತ್ರೆಯಲ್ಲಿರುವ ದಾಖಲೆಯನ್ನು ಇನ್ನೊಂದು ಆಸ್ಪತ್ರೆಯ ವೈದ್ಯರು, ರೋಗಿಯ ಒಪ್ಪಿಗೆ ಪಡೆದು, ಕ್ಷಣಾರ್ಧದಲ್ಲಿ ನೋಡಬಹುದಾದ ವ್ಯವಸ್ಥೆ ಇದು. ಕೇಳಲು ಸರಳವಾಗಿ ಕಾಣುವ ಈ ಮಾತಿನ ಹಿಂದೆ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಒಬ್ಬ ರೋಗಿ, ಒಂದು ಕಡತ

ಹಿಂದೆ ವೈದ್ಯರು ತಮ್ಮ ನೆನಪಿಗಾಗಿ ತಮ್ಮದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬ ರೋಗಿ ಮೂವರು ವೈದ್ಯರನ್ನು ಕಂಡರೆ ಅವನ ಕಥೆ ಮೂರು ಪುಸ್ತಕಗಳಲ್ಲಿ ಹಂಚಿಹೋಗುತ್ತಿತ್ತು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಡಾ. ಹೆನ್ರಿ ಪ್ಲಮ್ಮರ್ 1907ರಲ್ಲಿ ಇದಕ್ಕೊಂದು ಪರಿಹಾರ ತಂದರು. ಪ್ರತಿ ರೋಗಿಗೆ ಒಂದು ಸಂಖ್ಯೆ, ಆ ಸಂಖ್ಯೆಗೆ ಒಂದೇ ಕಡತ. ಯಾವ ವೈದ್ಯರು ನೋಡಿದರೂ ಅದರಲ್ಲೇ ಬರೆಯಬೇಕು. ಇಂದು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿರುವ ದಾಖಲಾತಿ ವಿಭಾಗದ ಮೂಲ ಇದೇ ಆಲೋಚನೆ. ಆದರೆ ಆ ಕಡತ ಆಸ್ಪತ್ರೆಯ ಗೋಡೆ ದಾಟುತ್ತಿರಲಿಲ್ಲ.

ಭಾರತದಲ್ಲಿ ಗೋಡೆ ದಾಟುವ ಅಗತ್ಯ ಮೊದಲು ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಕಾರ್ಮಿಕರ ವಿಮೆಯಲ್ಲಿ. ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ನೀಡಿದ ವರದಿ ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ ತಳಹದಿಯಾಯಿತು. 1948ರಲ್ಲಿ ಕಾಯಿದೆ ಬಂತು. 1952ರ ಫೆಬ್ರುವರಿ 24ರಂದು ಕಾನಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಯಿತು. 1958ರಲ್ಲಿ ಬೆಂಗಳೂರಿಗೂ ಬಂತು. ಬಿನ್ನಿ, ಮಿನರ್ವಾ, ರಾಜಾ ಮಿಲ್ಲುಗಳ ಸೈರನ್ನು ಕೇಳಿಬರುತ್ತಿದ್ದ ಕಾಲವದು. ಪಶ್ಚಿಮ ಬೆಂಗಳೂರಿನ ಕಾರ್ಖಾನೆಗಳ ದುಡಿಮೆಗಾರರಿಗೆ ವಿಮಾ ಸಂಖ್ಯೆ ಸಿಕ್ಕಿತು, ಹತ್ತಿರದ ಔಷಧಾಲಯ ಗೊತ್ತಾಯಿತು. ಅಲ್ಲಿ ವಾಸಿಯಾಗದಿದ್ದರೆ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಿದ್ದರು. ಔಷಧಾಲಯಕ್ಕೂ ಆಸ್ಪತ್ರೆಗೂ ನಡುವಣ ಸೇತುವೆ ಆ ಒಂದು ಚೀಟಿ. ಅದನ್ನು ಹೊತ್ತೊಯ್ಯುವ ಅಂಚೆಯವನು ಸ್ವತಃ ರೋಗಿ.

ಮಿಲ್ಲುಗಳು ಮುಚ್ಚಿದವು. ರಾಜಾಜಿನಗರದ ಆಸ್ಪತ್ರೆ ಬೆಳೆದು ಇಂದು ಇಎಸ್‌ಐ ನಿಗಮದ ವೈದ್ಯಕೀಯ ಕಾಲೇಜೂ ಆಗಿದೆ. 2009ರಿಂದೀಚೆಗೆ ನಿಗಮವು ‘ಪಂಚದೀಪ’ ಯೋಜನೆಯಡಿ ತನ್ನ ಕಚೇರಿ ಮತ್ತು ಆಸ್ಪತ್ರೆಗಳ ದಾಖಲೆಗಳನ್ನು ಗಣಕೀಕರಿಸತೊಡಗಿತು. ವಿಮಾದಾರರಿಗೆ ‘ಪೆಹಚಾನ್’ ಕಾರ್ಡು ಕೊಟ್ಟಿತು. ಆದರೆ ಇದು ಒಂದೇ ಸಂಸ್ಥೆಯ ಒಳಗಿನ ಸಂಪರ್ಕ. ಅದೇ ಕಾರ್ಮಿಕ ರಾತ್ರಿ ಎದೆನೋವೆಂದು ಬಸವೇಶ್ವರನಗರದ ಖಾಸಗಿ ನರ್ಸಿಂಗ್ ಹೋಮಿಗೆ ಹೋದರೆ ಅಲ್ಲಿನ ವೈದ್ಯರಿಗೆ ಅವನು ಹೊಸಬನೇ. ಯಾವ ಮಾತ್ರೆ ನುಂಗುತ್ತಿದ್ದಾನೆ, ಯಾವ ಔಷಧಿ ಅವನಿಗೆ ಒಗ್ಗುವುದಿಲ್ಲ ಎಂಬುದನ್ನು ಹೆಂಡತಿಯ ನೆನಪಿನಿಂದಲೇ ತಿಳಿಯಬೇಕು.

ದಾಖಲೆ ಪಡೆಯುವುದು ರೋಗಿಯ ಹಕ್ಕು ಎಂಬುದು ಹಲವರಿಗೆ ಗೊತ್ತಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ವೈದ್ಯರು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಆದರೆ ತುರ್ತು ಚಿಕಿತ್ಸೆಯ ಹೊತ್ತಿನಲ್ಲಿ 72 ಗಂಟೆ ಕಾಯುವವರು ಯಾರು?

ಬೆಂಗಳೂರಿನ ನ್ಯಾಯಮೂರ್ತಿ

ದಾಖಲೆ ಸುಲಭವಾಗಿ ಹರಿದಾಡಬೇಕು, ನಿಜ. ಆದರೆ ಎಲ್ಲೆಂದರಲ್ಲಿ ಹರಿದಾಡಬಾರದು. ವಕೀಲರ ಬಳಿ, ವೈದ್ಯರ ಬಳಿ ಸುಳ್ಳು ಹೇಳಬಾರದು ಎಂಬ ಮಾತಿದೆ. ಹೇಳಿದ ನಿಜ ಅವರಲ್ಲೇ ಉಳಿಯುತ್ತದೆ ಎಂಬ ನಂಬಿಕೆ ಆ ಮಾತಿನ ಬೆನ್ನಿಗಿದೆ. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆ, ಬಂಜೆತನದ ಚಿಕಿತ್ಸೆ ಇವೆಲ್ಲ ಬಯಲಾದರೆ ಬಾಡಿಗೆ ಮನೆ ಕೈತಪ್ಪಬಹುದು, ಮದುವೆ ಮಾತುಕತೆ ಮುರಿಯಬಹುದು, ಕೆಲಸ ಹೋಗಬಹುದು.

ಈ ನಂಬಿಕೆಗೆ ಸಂವಿಧಾನದ ಬಲ ದೊರೆತದ್ದು ಬೆಂಗಳೂರಿನ ಹಿರಿಯರೊಬ್ಬರಿಂದ ಎಂಬುದು ಗಮನಾರ್ಹ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. ಆಸ್ಪತ್ರೆಗೆ ಕೊಟ್ಟ ಆರೋಗ್ಯ ದಾಖಲೆಯನ್ನು ಅನುಮತಿಯಿಲ್ಲದೆ ಬೇರೆಯವರಿಗೆ ಕೊಡುವುದು ಖಾಸಗಿತನದ ಮೇಲಿನ ಆಕ್ರಮಣವಾಗುತ್ತದೆ ಎಂಬ ಉದಾಹರಣೆ ಆ ತೀರ್ಪಿನಲ್ಲೇ ಇದೆ. ಡೆಂಗೆ, ಮಲೇರಿಯಾದಂಥ ಪಿಡುಗನ್ನು ಅರಿಯಲು ಸರ್ಕಾರ ಆಸ್ಪತ್ರೆಗಳ ಮಾಹಿತಿಯನ್ನು ವಿಶ್ಲೇಷಿಸಬಹುದು ಎಂದೂ ಅಲ್ಲಿ ಹೇಳಿದೆ. ಪುಟ್ಟಸ್ವಾಮಿ ಅವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು.

ತೀರ್ಪು ಬಂದು ಮೂರು ವರ್ಷ ತುಂಬುವ ಮೊದಲೇ ಅದೇ ಬೆಂಗಳೂರು ಪರೀಕ್ಷೆಗೆ ಒಳಗಾಯಿತು. 2020ರ ಮಾರ್ಚಿನಲ್ಲಿ, ಕೊರೊನಾ ಭೀತಿಯ ಮೊದಲ ದಿನಗಳಲ್ಲಿ, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಪಟ್ಟಿಯನ್ನು ರಾಜ್ಯ ಸರ್ಕಾರ ಪ್ರಕಟಿಸಿತು. ಅದರಲ್ಲಿ ಹೆಸರಿರಲಿಲ್ಲ, ವಿಳಾಸವಿತ್ತು. ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪಟ್ಟಿ ಹರಡಲು ತಡವಾಗಲಿಲ್ಲ. ಮನೆ ನಂಬರು, ಅಡ್ಡರಸ್ತೆ ತಿಳಿದ ಮೇಲೆ ನೆರೆಹೊರೆಗೆ ಹೆಸರೇಕೆ ಬೇಕು? ಉದ್ದೇಶ ಒಳ್ಳೆಯದಾಗಿದ್ದರೂ ಮಾಹಿತಿ ಒಮ್ಮೆ ಹೊರಬಿದ್ದರೆ ಹಿಂದಕ್ಕೆ ಬಾರದು ಎಂಬ ಪಾಠ ಆಗ ಸಿಕ್ಕಿತು.

ಬೀಗವೂ ಬೀಗದ ಕೈಯೂ

ಅದೇ ವರ್ಷ ಆಗಸ್ಟ್ 15ರಂದು ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಮಿಷನ್ 6 ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2021ರ ಸೆಪ್ಟೆಂಬರ್ 27ರಂದು ಅದು ‘ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್’ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ರೋಗಿಗೆ ‘ಆಭಾ’ ಎಂಬ 14 ಅಂಕಿಗಳ ಸಂಖ್ಯೆ. ಪ್ಲಮ್ಮರ್ ಅವರ ಹಳೆಯ ಆಲೋಚನೆ ಇಲ್ಲಿ ಒಂದು ಆಸ್ಪತ್ರೆಯನ್ನು ಬಿಟ್ಟು ಇಡೀ ದೇಶಕ್ಕೆ ಹಬ್ಬಿದೆ ಎನ್ನಬಹುದು.

ಎಲ್ಲರ ಕಾಯಿಲೆಯ ದಾಖಲೆಗಳೂ ದೆಹಲಿಯ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಸೇರುತ್ತವೆ ಎಂದು ಹಲವರು ತಿಳಿದಿದ್ದಾರೆ. ಆದರೆ ವ್ಯವಸ್ಥೆಯ ವಿನ್ಯಾಸ ಹಾಗಿಲ್ಲ. ದಾಖಲೆ ಎಲ್ಲಿ ಹುಟ್ಟಿತೋ ಅಲ್ಲೇ, ಆ ಆಸ್ಪತ್ರೆ ಅಥವಾ ಪ್ರಯೋಗಾಲಯದಲ್ಲೇ ಇರುತ್ತದೆ. ನಡುವೆ ಇರುವುದು ಒಂದು ದ್ವಾರ ಮಾತ್ರ.

ವಿಜಯನಗರದ ವೈದ್ಯರೊಬ್ಬರಿಗೆ ರೋಗಿಯ ಹಳೆಯ ವರದಿ ಬೇಕಾಯಿತೆಂದು ಇಟ್ಟುಕೊಳ್ಳಿ. ಅವರು ಕಂಪ್ಯೂಟರಿನ ಮೂಲಕ ಕೋರಿಕೆ ಸಲ್ಲಿಸುತ್ತಾರೆ. ಕೋರಿಕೆ ನೇರವಾಗಿ ಹಳೆಯ ಆಸ್ಪತ್ರೆಗೆ ಹೋಗುವುದಿಲ್ಲ. ರೋಗಿಯ ಮೊಬೈಲಿಗೆ ಬರುತ್ತದೆ. ಯಾರು ಕೇಳುತ್ತಿದ್ದಾರೆ, ಏಕೆ ಕೇಳುತ್ತಿದ್ದಾರೆ, ಯಾವ ಬಗೆಯ ದಾಖಲೆ, ಎಂದಿನಿಂದ ಎಂದಿನವರೆಗಿನದು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ರೋಗಿ ಒಪ್ಪಬಹುದು, ಒಲ್ಲೆ ಎನ್ನಬಹುದು. ರಕ್ತಪರೀಕ್ಷೆಯ ವರದಿ ಮಾತ್ರ ಸಾಕು, ಉಳಿದದ್ದು ಬೇಡ ಎನ್ನಬಹುದು. ಕೊಟ್ಟ ಒಪ್ಪಿಗೆಯನ್ನು ನಂತರ ಹಿಂದಕ್ಕೂ ಪಡೆಯಬಹುದು.

ಒಪ್ಪಿಗೆ ಸಿಕ್ಕ ಮೇಲೆ ಬೀಗದ ಕೆಲಸ. ಕೇಳಿದ ಆಸ್ಪತ್ರೆ ತೆರೆದ ಬೀಗವೊಂದನ್ನು ಕಳುಹಿಸಿ, ಬೀಗದ ಕೈಯನ್ನು ತನ್ನಲ್ಲೇ ಇಟ್ಟುಕೊಂಡಂತೆ ಇದನ್ನು ಊಹಿಸಬಹುದು. ದಾಖಲೆಯಿರುವ ಆಸ್ಪತ್ರೆ ಕಾಗದಗಳನ್ನು ಪೆಟ್ಟಿಗೆಯಲ್ಲಿಟ್ಟು ಆ ಬೀಗ ಒತ್ತಿ ಕಳುಹಿಸುತ್ತದೆ. ಒಮ್ಮೆ ಒತ್ತಿದ ಬೀಗವನ್ನು ಕಳುಹಿಸಿದವರೂ ತೆರೆಯಲಾರರು, ದಾರಿಯಲ್ಲಿ ಕದ್ದವರೂ ತೆರೆಯಲಾರರು. ಇಲ್ಲಿ ಬೀಗ ಎಂದರೆ ಗಣಿತ. ಅಕ್ಷರಗಳು ಅರ್ಥವಾಗದ ಸಂಕೇತಗಳಾಗಿ ಮಾರ್ಪಡುತ್ತವೆ. ಸರಿಯಾದ ಗುಪ್ತಸಂಖ್ಯೆ ಇದ್ದವರಿಗೆ ಮಾತ್ರ ಮತ್ತೆ ಅಕ್ಷರಗಳಾಗುತ್ತವೆ.

ಪೆಟ್ಟಿಗೆ ತೆರೆದ ಮೇಲೆ ಒಳಗಿರುವುದು ಅರ್ಥವಾಗಬೇಕಷ್ಟೆ. ಒಬ್ಬ ವೈದ್ಯರು ‘ಡಿಎಂ’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಮಧುಮೇಹ’ ಎನ್ನುತ್ತಾರೆ, ರೋಗಿ ‘ಸಕ್ಕರೆ ಕಾಯಿಲೆ’ ಎನ್ನುತ್ತಾನೆ. ಮನುಷ್ಯರಿಗೆ ಮೂರೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಅದಕ್ಕಾಗಿಯೇ ‘ಸ್ನೊಮೆಡ್ ಸಿಟಿ’ ಎಂಬ ಅಂತಾರಾಷ್ಟ್ರೀಯ ಪದಕೋಶದಲ್ಲಿ ಪ್ರತಿ ಕಾಯಿಲೆಗೂ ಒಂದು ಸಂಖ್ಯೆ ಇದೆ. ಎರಡನೇ ಬಗೆಯ ಮಧುಮೇಹಕ್ಕೆ 44054006. ಭಾರತ 2014ರಲ್ಲಿ ಈ ಪದಕೋಶದ ಸದಸ್ಯ ರಾಷ್ಟ್ರವಾಯಿತು. ವೈದ್ಯಕೀಯ ದಾಖಲೆಗಳ ಮಾನದಂಡಗಳನ್ನು ಕೇಂದ್ರ ಸರ್ಕಾರ ಮೊದಲು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು.

ಕರ್ನಾಟಕದ್ದೇ ಒಂದು ಪ್ರಯೋಗ

ಅತಿ ಸೂಕ್ಷ್ಮವೆನಿಸಿದ ದಾಖಲೆಗಳ ವಿಷಯದಲ್ಲಿ ಕರ್ನಾಟಕದ್ದೇ ಒಂದು ಪ್ರಯತ್ನವಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ರೋಗಿಗೆ ಎರಡು ಹಕ್ಕುಗಳನ್ನು ಕೊಟ್ಟಿದೆ: ತನ್ನ ವಿಷಯ ಗುಟ್ಟಾಗಿರಬೇಕೆಂಬ ಹಕ್ಕು, ತನ್ನ ದಾಖಲೆಯನ್ನು ತಾನು ನೋಡುವ ಹಕ್ಕು. ಇದನ್ನು ಕಾರ್ಯರೂಪಕ್ಕೆ ತರಲು ರಾಜ್ಯ ಸರ್ಕಾರ, ನಿಮ್ಹಾನ್ಸ್ ಮತ್ತು ಬೆಂಗಳೂರಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಸೇರಿ ರೂಪಿಸಿದ ‘ಇ-ಮಾನಸ್’ ವ್ಯವಸ್ಥೆ 2021ರ ಜೂನಿನಲ್ಲಿ ಉದ್ಘಾಟನೆಯಾಯಿತು. ಮಾನಸಿಕ ಆರೋಗ್ಯ ಸಂಸ್ಥೆಗಳ ನೋಂದಣಿ, ತಜ್ಞರ ನೋಂದಣಿ, ರೋಗಿಗಳ ದಾಖಲೆ ಎಲ್ಲವೂ ಒಂದೇ ಜಾಲದಲ್ಲಿ. ದೂರದ ಜಿಲ್ಲೆಯಲ್ಲಿ ಚಿಕಿತ್ಸೆ ಪಡೆದವರು ಬೆಂಗಳೂರಿಗೆ ಬಂದಾಗ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾದ ನೋವು ತಪ್ಪಬೇಕೆಂಬುದು ಇದರ ಆಶಯ.

ಇಂಥ ವ್ಯವಸ್ಥೆಯಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶ 2008ರಿಂದಲೇ ಮುಂದಿದೆ. ಅಲ್ಲಿ ತನ್ನ ದಾಖಲೆಯನ್ನು ಯಾರು ಯಾವಾಗ ತೆರೆದು ನೋಡಿದರೆಂದು ರೋಗಿಯೇ ಪರಿಶೀಲಿಸಬಹುದು. ಕದಕ್ಕೆ ಬೀಗ ಹಾಕಿದರೆ ಸಾಲದು, ಒಳಬಂದವರ ಹೆಸರೂ ದಾಖಲಾಗಬೇಕು ಎಂಬುದು ಅವರ ಲೆಕ್ಕ.

ಎರಡು ಎಚ್ಚರಿಕೆಗಳು

2022ರ ನವೆಂಬರಿನಲ್ಲಿ ನಡೆದ ಎರಡು ಘಟನೆಗಳನ್ನು ಇಲ್ಲಿ ಒಟ್ಟಿಗೆ ನೆನೆಯಬೇಕು.

ಆ ತಿಂಗಳ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ನಡೆಯಿತು. ಸುಮಾರು ಎರಡು ವಾರ ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ಪೆನ್ನು, ಕಾಗದಕ್ಕೆ ಮರಳಬೇಕಾಯಿತು. ದಾಖಲೆಗಳು ಆಯಾ ಆಸ್ಪತ್ರೆಯಲ್ಲೇ ಇರುವ ವ್ಯವಸ್ಥೆಯಲ್ಲಿ ಒಂದೇ ಏಟಿಗೆ ಎಲ್ಲವೂ ಹೋಗುವ ಭಯ ಕಡಿಮೆ. ಆದರೆ ಕಾವಲಿನ ಹೊಣೆ ಗಲ್ಲಿಯ ಪ್ರಯೋಗಾಲಯದವರೆಗೂ ಹಂಚಿಹೋಗುತ್ತದೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸುವ ಕಡೆ ಯಾವ ಗಣಿತದ ಬೀಗವೂ ನಿಲ್ಲದು. 2023ರ ಆಗಸ್ಟಿನಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಮಾಹಿತಿಯನ್ನು ಸರಿಯಾಗಿ ಕಾಪಾಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ.

ಎರಡನೆಯದು ತುಮಕೂರಿನದು. ಅದೇ ತಿಂಗಳ ಆರಂಭದಲ್ಲಿ ತುಂಬು ಗರ್ಭಿಣಿಯೊಬ್ಬರನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂಬ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳಲಿಲ್ಲ ಎಂಬ ಆರೋಪ ಬಂತು. ಮನೆಯಲ್ಲೇ ಹೆರಿಗೆಯಾಗಿ ಆಕೆಯೂ ಅವಳಿ ಶಿಶುಗಳೂ ಅಸುನೀಗಿದರು. ಸಿಬ್ಬಂದಿಯ ಅಮಾನತಾಯಿತು. ಗರ್ಭಿಣಿಯ ತಪಾಸಣೆ, ಚುಚ್ಚುಮದ್ದಿನ ವಿವರ ಯಾವ ಆಸ್ಪತ್ರೆಗೆ ಹೋದರೂ ಸಿಗಲಿ ಎಂದೇ ತಾಯಿ ಕಾರ್ಡ್ ಹುಟ್ಟಿದ್ದು. ಅದೂ ಒಂದು ಬಗೆಯ ಆರೋಗ್ಯ ಮಾಹಿತಿ ವಿನಿಮಯವೇ. ನೆರವಿಗೆಂದು ಮಾಡಿದ ಕಾಗದ ಬಾಗಿಲಿಗೆ ಅಡ್ಡವಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ.

‘ಆಭಾ’ ಸಂಖ್ಯೆ ಪಡೆಯುವುದು ನಿಯಮದ ಪ್ರಕಾರ ಐಚ್ಛಿಕ. ಅದಿಲ್ಲದವರಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಸಾಲಿನಲ್ಲಿ ನಿಂತವರಿಗೆ ಈ ಮಾತು ತಿಳಿದಿರಬೇಕು. ಕೌಂಟರಿನ ಆಚೆ ಕುಳಿತವರಿಗೆ ಇನ್ನೂ ಚೆನ್ನಾಗಿ ತಿಳಿದಿರಬೇಕು. ಮೊಬೈಲಿಗೆ ಬಂದ ಕೋರಿಕೆಯನ್ನು ಓದದೆ ‘ಸರಿ’ ಒತ್ತುವುದು, ಅಥವಾ ಓದಲು ಬಾರದ ಅಜ್ಜಿಯ ಪರವಾಗಿ ಇನ್ನಾರೋ ಒತ್ತುವುದು ಒಪ್ಪಿಗೆ ಎನಿಸಲಾರದು. ಅವರಿಗೆ ಅವರ ಭಾಷೆಯಲ್ಲಿ ವಿವರಿಸಿ ಹೇಳುವವರೊಬ್ಬರು ಅಲ್ಲಿರಬೇಕು.

ಅಲ್ಲಿಯವರೆಗೆ ರಾಜಾಜಿನಗರದ ಸಾಲಿನಲ್ಲಿ ಪ್ಲಾಸ್ಟಿಕ್ ಚೀಲ ಮುಂದುವರಿಯುತ್ತದೆ. ಅದಕ್ಕೆ ಬೀಗವಿಲ್ಲ, ಸಂಕೇತವಿಲ್ಲ. ಮಳೆಗೆ ನೆನೆಯುತ್ತದೆ, ಬಸ್ಸಿನಲ್ಲಿ ಕಳೆಯುತ್ತದೆ. ಆದರೆ ಯಾವ ಕಾಗದ ಹೊರತೆಗೆದು ಯಾರಿಗೆ ತೋರಿಸಬೇಕು ಎಂಬುದನ್ನು ಚೀಲ ಹಿಡಿದವರೇ ತೀರ್ಮಾನಿಸುತ್ತಾರೆ. ಹೊಸ ವ್ಯವಸ್ಥೆ ಎಷ್ಟೇ ವೇಗದ್ದಾಗಿರಲಿ, ಈ ಒಂದು ಅಧಿಕಾರವನ್ನು ಅವರ ಕೈಯಲ್ಲೇ ಉಳಿಸಬೇಕಾಗಿದೆ.