ತವರಿನ ಕಡೆಯಿಂದ ಮೈಸೂರು ಅರಮನೆ

ಮೈಸೂರು ಅರಸರ ವಂಶಾವಳಿಯನ್ನು ಯಾರೇ ಹೇಳಲಿ, ಯದುರಾಯರಿಂದ ಹಿಡಿದು ತಂದೆ, ಮಗ, ದತ್ತುಮಗ ಎಂದು ಗಂಡಸರ ಹೆಸರುಗಳೇ ಸಾಲಾಗಿ ಬರುತ್ತವೆ. ಅದರ ಪಕ್ಕದಲ್ಲೇ ರಾಣಿಯರ ಸಾಲೊಂದಿದೆ, ಅವರ ತವರುಮನೆಗಳ ಸಾಲೊಂದಿದೆ. ಅದನ್ನು ಹುಡುಕಿ ಹೊರಟವರು ಮೊದಲು ನಂಜನಗೂಡು ತಾಲ್ಲೂಕಿನ ಕಳಲೆಗೆ ಬರಬೇಕು.

ಈ ಚರಿತ್ರೆಯ ಒಂದು ಹಳೆಯ ಪದರ ಜನರ ಬಾಯಲ್ಲಿದೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದರು. ಆ ಪ್ರತಿನಿಧಿಯ ಮಡದಿ ಅಲಮೇಲಮ್ಮ, ಒಡವೆಗಾಗಿ ಬೆನ್ನುಹತ್ತಿದವರಿಗೆ ಶಾಪ ಕೊಟ್ಟು ಕಾವೇರಿಗೆ ಹಾರಿದಳೆಂಬ ಕಥೆ ತಿ. ನರಸೀಪುರ ತಾಲ್ಲೂಕಿನ ತಲಕಾಡು, ಮಾಲಂಗಿಗಳಿಗೆ ಅಂಟಿಕೊಂಡಿದೆ. ಅರಮನೆಯಲ್ಲಿ ಅವಳ ವಿಗ್ರಹಕ್ಕೆ ಪೂಜೆಯೂ ನಡೆಯುತ್ತದೆ. ಆದರೆ ಕಥೆ ಅವಳನ್ನು ಯಾರದೋ ಹೆಂಡತಿಯಾಗಿ ನೆನೆಯುತ್ತದೆಯೇ ಹೊರತು ಯಾರ ಮಗಳೆಂದು ಕೇಳುವುದಿಲ್ಲ.

ಎರಡನೆಯ ಪದರ ಕಲ್ಲಿನದು. ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ತಾಲ್ಲೂಕುಗಳ ಶಾಸನಗಳು ಸೇರಿದವು. ಶಾಸನದ ಓದಿಗೆ ಪೂರಕವಾಗಿ ದೇವಾಲಯಗಳ ಸಾಕ್ಷ್ಯವೂ ಇದೆ. ನಂಜನಗೂಡಿನ ಶ್ರೀಕಂಠೇಶ್ವರನ ಎತ್ತರದ ಗೋಪುರ 19ನೇ ಶತಮಾನದ ನಡುವಿನಲ್ಲಿ ಎದ್ದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರಿಂದ. ಚಾಮರಾಜನಗರದಲ್ಲಿ ಮುಮ್ಮಡಿಯವರು ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ದೇವಿಗೆ ಕೆಂಪನಂಜಾಂಬಾ ಎಂದು ಹೆಸರು. ಅದು ಅವರ ತಾಯಿಯ ಹೆಸರು. ಮುಂದೆ ರೀಜೆಂಟ್ ಆದ ಮಹಾರಾಣಿಯವರದೂ ಅದೇ ಹೆಸರು. ದೇವಾಜಮ್ಮಣ್ಣಿಯರಂತೂ ತಲೆಮಾರಿಗೊಬ್ಬರಂತೆ ಸಿಗುತ್ತಾರೆ. ಹೀಗಾಗಿ ಲಕ್ಷ್ಮೀವಿಲಾಸ, ರಮಾವಿಲಾಸ, ವಾಣೀವಿಲಾಸ ಎಂಬ ಸನ್ನಿಧಾನದ ಹೆಸರುಗಳನ್ನು ಹಿಡಿದೇ ಸಂಶೋಧಕರು ಒಬ್ಬೊಬ್ಬರನ್ನೂ ಗುರುತಿಸಬೇಕು.

ಕಾಗದದ ಮೇಲಿನ ಆಧಾರಗಳಲ್ಲಿ ತೂಕದ್ದು ಕಳಲೆ ಅರಸುಗಳ ವಂಶಾವಳಿ. ರಾಜ ಒಡೆಯರ ಕಾಲದಲ್ಲಿ ಆದ ಒಪ್ಪಂದದಂತೆ ಕಳಲೆಯ ಮನೆತನ ಮೈಸೂರಿಗೆ ದಳವಾಯಿಗಳನ್ನು ಕೊಟ್ಟಿತು. ಹೆಣ್ಣು ಕೊಟ್ಟು ತರುವ ನೆಂಟಸ್ತಿಕೆಯೂ ಬೆಳೆಯಿತು. 1732ರಲ್ಲಿ ದೊಡ್ಡ ಕೃಷ್ಣರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡಾಗ ರಾಣಿ ದೇವಾಜಮ್ಮಣ್ಣಿ ದತ್ತು ತೆಗೆದುಕೊಂಡರು. ಆ ದತ್ತುಮಗನನ್ನು ಎರಡೇ ವರ್ಷದಲ್ಲಿ ಕಳಲೆಯ ದಳವಾಯಿಗಳು ಇಳಿಸಿದರು. ಆಮೇಲೆ ಪಟ್ಟಕ್ಕೆ ಬಂದ ಇಮ್ಮಡಿ ಕೃಷ್ಣರಾಜರಿಗೆ ಕಳಲೆಯ ನಂಜರಾಜಯ್ಯ ತಮ್ಮ ಮಗಳನ್ನೇ ಕೊಟ್ಟರು. ರಾಣಿಯರ ತವರು ಗೊತ್ತಿಲ್ಲದವರಿಗೆ ಆ ಕಾಲದ ರಾಜಕಾರಣ ಅರ್ಧವೇ ಅರ್ಥವಾಗುತ್ತದೆ.

ಅಂತಃಪುರದವರು ತಾವೇ ಬರೆದದ್ದೂ ಉಂಟು. ಚಿಕ್ಕದೇವರಾಜರ ಕಾಲದ ಸಂಚಿ ಹೊನ್ನಮ್ಮ ಯಳಂದೂರಿನವರು, ಅಲ್ಲಿಂದಲೇ ಬಂದ ರಾಣಿ ದೇವಾಜಮ್ಮಣ್ಣಿಯವರ ಊಳಿಗದವರು. ‘ಹದಿಬದೆಯ ಧರ್ಮ’ ಅವರದು. ದೊಡ್ಡ ಕೃಷ್ಣರಾಜರ ರಾಣಿ ಚೆಲುವಾಂಬೆ ‘ವರನಂದಿ ಕಲ್ಯಾಣ’ ಬರೆದರು. ಸಾಹಿತ್ಯ ಚರಿತ್ರೆಕಾರರು ಇವುಗಳನ್ನು ಕಾವ್ಯವೆಂದು ಓದಿದರು, ರಾಜಮನೆತನದ ಚರಿತ್ರೆಕಾರರು ಅಷ್ಟಾಗಿ ಮುಟ್ಟಲಿಲ್ಲ. ಇದು ನಿಜಕ್ಕೂ ನಷ್ಟ.

ಇಮ್ಮಡಿ ಕೃಷ್ಣರಾಜರ ರಾಣಿ ಲಕ್ಷ್ಮಮ್ಮಣ್ಣಿಯವರೊಂದಿಗೆ ಆಧಾರಗಳ ಬಗೆಯೇ ಬದಲಾಯಿತು. ಕತ್ತಿ ಗೋಪಾಲರಾಜ ಅರಸರ ಮಗಳಾದ ಇವರು, ಹೈದರ್ ಮತ್ತು ಟಿಪ್ಪು ಆಳುತ್ತಿದ್ದಾಗಲೇ ಪ್ರಧಾನ್ ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಮಾತುಕತೆ ನಡೆಸಿ 1782ರ ಅಕ್ಟೋಬರ್‌ನಲ್ಲಿ ತಂಜಾವೂರಿನಲ್ಲಿ ಒಪ್ಪಂದ ಮಾಡಿಸಿದರು. 1799ರ ಜೂನ್ 30ರಂದು ಐದು ವರ್ಷದ ಮುಮ್ಮಡಿಯವರಿಗೆ ಪಟ್ಟವಾಯಿತು. ಲಕ್ಷ್ಮಮ್ಮಣ್ಣಿ 1810ರಲ್ಲಿ ತೀರಿಕೊಂಡರು.

ಪಟ್ಟವಾದ ಮರುವರ್ಷವೇ ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಅವರ ಪತ್ನಿ ಹೆನ್ರಿಯೆಟ್ಟಾ ಕ್ಲೈವ್ ಹೆಣ್ಣುಮಕ್ಕಳೊಡನೆ ಶ್ರೀರಂಗಪಟ್ಟಣ, ಮೈಸೂರುಗಳಿಗೆ ಬಂದಿದ್ದರು. ಆಕೆ ಪೋವಿಸ್‌ನ ಅರ್ಲ್ ಮನೆತನದ ಮಗಳು. ಅಣ್ಣ ತೀರಿಕೊಂಡು ಆ ಪದವಿ ನಿಂತುಹೋದಾಗ, 1804ರಲ್ಲಿ ಅದನ್ನು ಹೊಸದಾಗಿ ಆಕೆಯ ಗಂಡನಿಗೇ ಕೊಡಲಾಯಿತು. ಆಕೆಯ ತವರಿನ ಹೆಸರು ಆ ಪದವಿಯಲ್ಲೇ ಉಳಿಯಿತು, ಆಕೆಯ ಪ್ರವಾಸದ ಪತ್ರಗಳು ಪುಸ್ತಕವಾಗಿ ಅಚ್ಚಾದವು. ಲಕ್ಷ್ಮಮ್ಮಣ್ಣಿಯವರ ದನಿಯನ್ನಾದರೋ ಬಹುಮಟ್ಟಿಗೆ ಕಂಪನಿಯ ಕಡತಗಳಲ್ಲಿ, ಇನ್ನೊಬ್ಬರ ಭಾಷೆಯಲ್ಲಿ ಕೇಳಬೇಕಾಗಿದೆ.

20ನೇ ಶತಮಾನದಲ್ಲಿ ಅರಮನೆ ತನ್ನ ಚರಿತ್ರೆಯನ್ನು ತಾನೇ ಅಚ್ಚು ಹಾಕಿಸಿತು. ರಾಜಮನೆತನದ ವಂಶಾವಳಿ 1916 ಮತ್ತು 1922ರಲ್ಲಿ ಎರಡು ಭಾಗಗಳಾಗಿ ಬಂತು. ಸಿ. ಹಯವದನರಾಯರು 1943ರಿಂದ 1946ರ ನಡುವೆ ಮೂರು ಸಂಪುಟಗಳ ಮೈಸೂರು ಇತಿಹಾಸ ಬರೆದಾಗ ಕಳಲೆಯ ವಂಶಾವಳಿಯನ್ನೂ ಆಧಾರವಾಗಿ ಹಿಡಿದರು. ಶಾಸನ, ಕಾವ್ಯ, ಮನೆತನದ ಕಡತಗಳನ್ನು ಒಂದೇ ಪುಟದಲ್ಲಿ ಎದುರುಬದುರು ಇಟ್ಟು ನೋಡಿದ್ದು ಅವರ ದೊಡ್ಡ ಕೆಲಸ. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶಾಸನ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ತಂದಿತು.

ಕಳಲೆಯ ಸಾಲಿನಲ್ಲಿ ಅತಿ ಹೆಚ್ಚು ದಾಖಲಾದ ಬದುಕು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರದು. 1866ರಲ್ಲಿ ಕಳಲೆ ಮನೆತನದ ನರಸರಾಜ ಅರಸರ ಮಗಳಾಗಿ ಹುಟ್ಟಿ, 1878ರಲ್ಲಿ ಚಾಮರಾಜೇಂದ್ರ ಒಡೆಯರ ಕೈ ಹಿಡಿದರು. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗಂಡ ತೀರಿಕೊಂಡಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ, ಮಗನಿಗೆ ಹತ್ತು ವರ್ಷ. 1902ರವರೆಗೆ ರೀಜೆಂಟ್ ಆಗಿ ಸಂಸ್ಥಾನ ನಡೆಸಿದರು. ಪ್ಲೇಗು ಬಂತು, ಹಳೆಯ ಅರಮನೆ ಸುಟ್ಟಿತು, ಹೊಸ ಅರಮನೆಯ ಕೆಲಸ ಶುರುವಾಯಿತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮಾರಿಕಣಿವೆಯ ಅಣೆಕಟ್ಟು ಅವರ ಹೆಸರಿನಿಂದಲೇ ವಾಣಿವಿಲಾಸ ಸಾಗರವಾಯಿತು. ಇಷ್ಟು ಕೆಲಸದ ಯಶಸ್ಸನ್ನು ದಿವಾನರ ಲೆಕ್ಕಕ್ಕೆ ಮಾತ್ರ ಬರೆಯುವುದು ನ್ಯಾಯವಲ್ಲ.

ನೆಂಟಸ್ತಿಕೆಯ ಹಳೆಯ ಬಳಕೆ ಅವರ ಮಕ್ಕಳ ಕಾಲಕ್ಕೂ ಬಂತು. ಅವರ ತಮ್ಮ, ವಿಶ್ವೇಶ್ವರಯ್ಯನವರ ನಂತರ ದಿವಾನರಾದ ಕಾಂತರಾಜ ಅರಸು, ಸೋದರ ಸೊಸೆ ಜಯಲಕ್ಷಮ್ಮಣ್ಣಿಯವರನ್ನೇ ಮದುವೆಯಾದರು. ಮಹಾರಾಣಿಯವರ ಇನ್ನಿಬ್ಬರು ಹೆಣ್ಣುಮಕ್ಕಳಲ್ಲಿ ಕೃಷ್ಣಾಜಮ್ಮಣ್ಣಿಯವರ ಹೆಸರು ಮೈಸೂರಿನ ಕ್ಷಯ ಚಿಕಿತ್ಸಾಲಯಕ್ಕೆ, ಚೆಲುವಾಜಮ್ಮಣ್ಣಿಯವರದು ಹೆರಿಗೆ ಆಸ್ಪತ್ರೆಗೆ ಬಂತು. ಆದರೆ ಮಗ ನಾಲ್ವಡಿ ಕೃಷ್ಣರಾಜರಿಗೆ 1900ರಲ್ಲಿ ಹೆಣ್ಣು ತಂದದ್ದು ಕಳಲೆಯಿಂದಲ್ಲ, ದೂರದ ಕಾಠಿಯಾವಾಡದಿಂದ.