ಖಿದ್ರಾಪುರದ ಕಲ್ಲು, ಉಪ್ಪನ ಸಾಲದ ಪುಸ್ತಕ

ನಾನು ಕೆಲಸದಲ್ಲಿರುವ ಜಯಸಿಂಗಪುರ ಹಳೆಯ ಊರಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ತಂದೆ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ 1917ರಲ್ಲಿ ಕಟ್ಟಿಸಿದ ಪೇಟೆ. ಆದರೆ ಇದೇ ಶಿರೋಳ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿ, ಬಹಳ ಹಳೆಯ ಹಳ್ಳಿಯೊಂದಿದೆ: ಖಿದ್ರಾಪುರ. ಹೆಸರು ಕೇಳಿದಾಗ ಉಮ್ಮ ಹೇಳುತ್ತಿದ್ದ ಖಿಳ್ರ್ ನಬಿಯವರ ಕಥೆ ನೆನಪಾಯಿತು. ಒಂದು ರಜಾದಿನ ಮಗನನ್ನು ಕೂರಿಸಿಕೊಂಡು ಬೈಕಿನಲ್ಲಿ ಹೊರಟೆ.

ಅಲ್ಲಿರುವುದು ಶಿಲಾಹಾರರ ಕಾಲದ, 12ನೇ ಶತಮಾನದ ಕೊಪ್ಪೇಶ್ವರ ದೇವಸ್ಥಾನ. 1054ರಲ್ಲಿ ಚಾಲುಕ್ಯ ಸೋಮೇಶ್ವರನ ಸೈನ್ಯದೆದುರು ಚೋಳ ರಾಜಾಧಿರಾಜ ಆನೆಯ ಮೇಲೆಯೇ ಸತ್ತ ಕೊಪ್ಪಂ ಯುದ್ಧ ಇಲ್ಲೇ ನಡೆಯಿತೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಅದು ಕೊಪ್ಪಳ ಎನ್ನುವವರೂ ಇದ್ದಾರೆ.

ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನ ಕಣ್ಣು ಮೊದಲು ಹೋದದ್ದು ಸ್ವರ್ಗಮಂಟಪಕ್ಕೆ. 48 ಕಂಬಗಳು. ಚಾವಣಿಯ ನಡುವೆ ಸುಮಾರು 13 ಅಡಿ ಅಗಲದ ದುಂಡು ತೆರಪು, ಅದರ ನೇರ ಕೆಳಗೆ ನೆಲದಲ್ಲಿ ಅದೇ ಅಳತೆಯ ದುಂಡು ಕಲ್ಲು. ಎರಡು ವೃತ್ತಗಳ ಕೇಂದ್ರವನ್ನು ಕೂಡಿಸಿದವರ ಕೈ ಎಂಥದ್ದಿರಬೇಕು!

ಆದರೆ ಕಾಲು ನಿಂತದ್ದು ಶಾಸನಗಳ ಮುಂದೆ. ಒಂದು ನಾಗರಿ ಲಿಪಿಯ ಸಂಸ್ಕೃತ ಶಾಸನ: ಶಿಲಾಹಾರ ಭೋಜನನ್ನು ಸೋಲಿಸಿದ ದೇವಗಿರಿಯ ಯಾದವ ಸಿಂಘಣ 13ನೇ ಶತಮಾನದ ಆರಂಭದಲ್ಲಿ ಇದೇ ದೇವಸ್ಥಾನಕ್ಕೆ ಕೊಟ್ಟ ದತ್ತಿಯ ದಾಖಲೆ. ಇಲ್ಲಿ ಹಳಗನ್ನಡದ ಶಾಸನಗಳೂ ಇವೆ. ನನಗೆ ಅರ್ಥವಾಗಲಿಲ್ಲ, ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ಹಿಡಿಯಿತು. ಈಗ ಸುತ್ತ ಮರಾಠಿ. ದೊರೆ ಬದಲಾದ, ಆಡಳಿತ ಬದಲಾಯಿತು. ಯಾರು ಯಾರಿಗೆ ಏನು ಕೊಟ್ಟರು ಎಂಬ ಲೆಕ್ಕ ಮಾತ್ರ ಕಲ್ಲಿನಲ್ಲಿ ಉಳಿಯಿತು.

ಮರಾಠಿ ಶಾಲೆಗೆ ಹೋಗುವ ಮಗ ಬ್ಯಾರಿಯಲ್ಲಿ ಕೇಳಿದ, ಇದು ಊರಿನ ಅಂಗಡಿ ಪುಸ್ತಕದಲ್ಲಿರುವ ಅಕ್ಷರವಲ್ಲವಾ ಎಂದು.

ನಾನು ಮಾತಾಡಲಿಲ್ಲ. ನಮ್ಮ ಉಪ್ಪ ಮನೆಯಲ್ಲಿ ಬ್ಯಾರಿ, ಗಿರಾಕಿಗಳ ಜೊತೆ ತುಳು ಮಾತಾಡಿ, ಸಾಲವನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಹಳೆಯ ಪುಸ್ತಕಗಳನ್ನು ಗುಜರಿಗೆ ಹಾಕಿ ಎಂದು ಹಿಂದಿನ ವಾರವಷ್ಟೇ ಉಮ್ಮನಿಗೆ ನಾನೇ ಹೇಳಿದ್ದೆ.

ಅಲ್ಲಿಂದಲೇ ಫೋನ್ ಮಾಡಿದೆ. ಎರಡು ಪುಸ್ತಕ ಉಳಿದಿದ್ದವು. ಅಕ್ಕಿ, ಬೆಲ್ಲ, ಚಿಮಿಣಿ ಎಣ್ಣೆ. ಕೆಲವು ಹೆಸರುಗಳ ಮುಂದೆ ಬಾಕಿಯ ಮೇಲೆ ಉಪ್ಪ ತಾವೇ ಎಳೆದ ಗೆರೆ. ವಸೂಲಾಗದಿದ್ದರೂ ಬಿಟ್ಟುಕೊಟ್ಟ ಸಾಲಗಳಂತೆ, ಉಮ್ಮ ಹೇಳಿದರು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪುಸ್ತಕ ಇರಬಹುದು. ಗುಜರಿಯವನು ಬರುವ ಮೊದಲು ಒಮ್ಮೆ ತೆರೆದು ನೋಡಿ.